996 ಕರೇರಾ 3.4: ಆಯಿಲ್ ಪ್ರೆಶರ್ ಮತ್ತು ಕ್ರ್ಯಾಂಕ್‌ಕೇಸ್ ಸೆಳೆತ ಅಳೆಯುವ ಕ್ರಮ ಯಾವುದು?

#1 — ಫ್ಲಾಟ್‌ಸಿಕ್ಸ್

ಗಾಡಿ: ಪೋರ್ಷ 996 ಕರೇರಾ, 2000ದ ಮಾಡೆಲ್, 3.4 ಲೀಟರ್ ಎಂ96 ಎಂಜಿನ್, ಮ್ಯಾನುಯಲ್ ಗೇರ್‌ಬಾಕ್ಸ್. ಇರುವುದು ಬೆಂಗಳೂರಿನಲ್ಲಿ. ಲಕ್ಷಣಗಳು ಹೀಗಿವೆ.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಮಿಶ್ರಿತ ಬಿಳಿ ಹೊಗೆ, ಎರಡು ನಿಮಿಷವಾದರೂ ನಿಲ್ಲುವುದಿಲ್ಲ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯಲು ಹೋದರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತೆಗೆದ ಕೂಡಲೇ ಎಂಜಿನ್ ತಡವರಿಸುತ್ತದೆ. ಡ್ಯಾಶ್‌ನ ಆಯಿಲ್ ಪ್ರೆಶರ್ ಮುಳ್ಳು ತಣ್ಣಗಿದ್ದಾಗ 4ರ ಮೇಲೆ ಇರುತ್ತದೆ, ಬಿಸಿಯಾದ ಮೇಲೆ ಐಡಲ್‌ನಲ್ಲಿ 1.2 ಬಾರ್‌ಗೆ ಇಳಿಯುತ್ತದೆ. ಎಂಜಿನ್–ಗೇರ್‌ಬಾಕ್ಸ್ ಕೂಡುವಲ್ಲಿ ಕೆಳಗೆ ಎಣ್ಣೆಯ ಪಸೆ. ಪಿ1128, ಪಿ1130 ಕೋಡ್‌ಗಳು (ಎರಡೂ ಬ್ಯಾಂಕಿನಲ್ಲಿ, ಅಂದರೆ ಮೂರು ಮೂರು ಸಿಲಿಂಡರಿನ ಎರಡೂ ಸಾಲಿನಲ್ಲಿ, ಮಿಶ್ರಣ ಲೀನ್: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಪೆಂಡಿಂಗ್‌ನಲ್ಲಿವೆ.

ಸಿಕ್ಕಿರುವ ಸಲಹೆ ಮೂರು: ಆಯಿಲ್ ಸೆಪರೇಟರ್ ಬದಲಿಸಿ, ರಿಯರ್ ಮೇನ್ ಸೀಲ್ (ಕ್ರ್ಯಾಂಕಿನ ಗೇರ್‌ಬಾಕ್ಸ್ ಕಡೆಯ ಎಣ್ಣೆ ಸೀಲ್) ಬದಲಿಸಿ, ದಪ್ಪನೆಯ 20ಡಬ್ಲ್ಯು-50 ಎಣ್ಣೆ ಹಾಕಿ. ಯಾವುದನ್ನು ಮೊದಲು ನೋಡಬೇಕು, ಯಾವ ಅಳತೆಯಿಂದ ಖಚಿತವಾಗುತ್ತದೆ?

#2 — ನೀರಿನ ಕೊಳವೆ

ಮೂರನ್ನೂ ಈಗ ಮಾಡಬೇಡಿ. ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಒತ್ತಡಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ.

ಆಯಿಲ್ ಪ್ರೆಶರ್ ಎಂದರೆ ಪಂಪ್ ಬೇರಿಂಗುಗಳಿಗೆ ತಳ್ಳುವ ಎಣ್ಣೆಯ ಒತ್ತಡ. ಅದು ಬಾರ್‌ಗಳಲ್ಲಿ ಇರುತ್ತದೆ. ಕ್ರ್ಯಾಂಕ್‌ಕೇಸ್ ಪ್ರೆಶರ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗಿನ ಗಾಳಿಯದು. ಆರೋಗ್ಯವಾಗಿರುವ ಎಂ96ನಲ್ಲಿ ಐಡಲ್‌ನಲ್ಲಿ ಅದು ಹೊರಗಿನ ಗಾಳಿಗಿಂತ ಸ್ವಲ್ಪ ಕಡಿಮೆ, ಅಂದರೆ ನವಿರಾದ ಸೆಳೆತ, ಸುಮಾರು 5 ಇಂಚು ನೀರು. ಮಿಲಿಮೀಟರಿನಲ್ಲಿ 100ರಿಂದ 150, ಮಿಲಿಬಾರ್‌ನಲ್ಲಿ 10ರಿಂದ 15. ಆಯಿಲ್ ಪ್ರೆಶರ್‌ನ ಬಿಸಿ ಐಡಲ್‌ನಲ್ಲೂ ನೂರರಲ್ಲಿ ಒಂದು ಪಾಲಿನ ಆಸುಪಾಸು ಅಷ್ಟೇ. ಹಾಗಾಗಿ ಕ್ರ್ಯಾಂಕ್‌ಕೇಸ್ ಸೆಳೆತ ಕೆಟ್ಟರೆ ಡ್ಯಾಶ್‌ನ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ಆಯಿಲ್ ಪ್ರೆಶರ್ ಕೆಟ್ಟರೂ ಆ ಸೆಳೆತದ ಅಳತೆಗೆ ಗೊತ್ತಾಗುವುದಿಲ್ಲ.

ನಿಮ್ಮ ಹೊಗೆ, ಬಿಗಿಯಾದ ಕ್ಯಾಪ್, ಎರಡೂ ಬ್ಯಾಂಕಿನ ಲೀನ್ ಕೋಡ್ ಮೂರೂ ಕ್ರ್ಯಾಂಕ್‌ಕೇಸ್ ಕಡೆಯವು. 1.2 ಬಾರ್ ಆಯಿಲ್ ಪ್ರೆಶರ್ ಕಡೆಯದು, ಅದನ್ನು ಬೇರೆಯಾಗಿಯೇ ಅಳೆಯಬೇಕು. ಎಣ್ಣೆ ಪಸೆ ಎರಡರಲ್ಲಿ ಯಾವುದರಿಂದಲೂ ಆಗಬಹುದು, ಅಥವಾ ಸೀಲ್ ಹಳೆಯದಾಗಿ ತಾನೇ ಸೋರುತ್ತಿರಬಹುದು.

ಸೆಪರೇಟರ್ ಒಳಗೆ ಏನಾಗುತ್ತದೆ ಅನ್ನುವುದು ತಿಳಿದರೆ ಉಳಿದದ್ದು ತಾನೇ ಬಿಡಿಸಿಕೊಳ್ಳುತ್ತದೆ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗಿಳಿಯುತ್ತದೆ. ಅದರ ಜೊತೆ ಎಣ್ಣೆಯ ಮಂಜು ಬೆರೆಯುತ್ತದೆ. ಸೆಪರೇಟರ್ ಆ ಎಣ್ಣೆಯನ್ನು ಬೇರ್ಪಡಿಸಿ ಕೆಳಗೆ ಬಿಟ್ಟು, ಗ್ಯಾಸನ್ನು ಥ್ರಾಟಲ್‌ನ ಆಚೆ ಬದಿಯ ಇನ್‌ಟೇಕ್‌ಗೆ ಕಳಿಸುತ್ತದೆ. ಆದರೆ ಐಡಲ್‌ನಲ್ಲಿ ಇನ್‌ಟೇಕ್‌ನ ಸೆಳೆತ 600 ಮಿಲಿಬಾರ್ ಆಸುಪಾಸು. ಅಷ್ಟೂ ನೇರವಾಗಿ ಕ್ರ್ಯಾಂಕ್‌ಕೇಸಿಗೆ ತಾಗಿದರೆ ಎಣ್ಣೆಯನ್ನೇ ಎಳೆದುಬಿಡುತ್ತದೆ. ಅದನ್ನು 12 ಮಿಲಿಬಾರ್‌ಗೆ ಇಳಿಸಿ ಹಿಡಿಯುವುದು ಸೆಪರೇಟರ್‌ನ ತಲೆಯಲ್ಲಿರುವ ರಬ್ಬರ್ ಡಯಾಫ್ರಂ ಮತ್ತು ಸ್ಪ್ರಿಂಗ್. ಡಯಾಫ್ರಂನ ಒಂದು ಮುಖ ಸಣ್ಣ ರಂಧ್ರದ ಮೂಲಕ ಹೊರಗಿನ ಗಾಳಿಗೆ ತೆರೆದಿರುತ್ತದೆ.

ಇಪ್ಪತ್ತು ವರ್ಷದ ರಬ್ಬರ್ ಗಡಸಾಗಿ ಸೀಳಿದಾಗ ಎರಡು ಕೆಡುಕು ಒಟ್ಟಿಗೇ ಆಗುತ್ತವೆ. ಒಂದು, ಕಡಿವಾಣ ಹೋಗಿ ಕ್ರ್ಯಾಂಕ್‌ಕೇಸ್ ಸೆಳೆತ ಏರುತ್ತದೆ, ಎಣ್ಣೆ ಇನ್‌ಟೇಕ್‌ಗೆ ಬರುತ್ತದೆ. ಇನ್ನೊಂದು, ಆ ಸಣ್ಣ ರಂಧ್ರದಿಂದ ಗಾಳಿ ಒಳನುಗ್ಗುತ್ತದೆ. ಏರ್‌ಫ್ಲೋ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಅದು, ಆದ್ದರಿಂದ ಮಿಶ್ರಣ ಲೀನ್. ನಿಮ್ಮ ಎರಡು ಕೋಡ್‌ಗಳೂ ಹೇಳುತ್ತಿರುವುದು ಅದನ್ನೇ ಇರಬೇಕು. ಆದರೆ ಇರಬೇಕು ಅಂದುಕೊಂಡು ಪಾರ್ಟ್ ತರಿಸಬೇಡಿ. ಮಾನೋಮೀಟರ್ (ನೀರಿನ ಮಟ್ಟದಿಂದ ಸಣ್ಣ ಒತ್ತಡ ಅಳೆಯುವ ಕೊಳವೆ) ಕಟ್ಟಿ ಅಳೆಯಿರಿ, ಖರ್ಚು ಒಂದು ಊಟದಷ್ಟೂ ಆಗುವುದಿಲ್ಲ.

#3 — ನೀರಿನ ಕೊಳವೆ

ಕಟ್ಟುವ ವಿಧಾನ ಬೇರೆಯಾಗಿ ಬರೆಯುತ್ತೇನೆ, ಹುಡುಕುವವರಿಗೆ ಸಿಗಲಿ.

ಒಳವ್ಯಾಸ 6 ಮಿ.ಮೀ. ಇರುವ ಪಾರದರ್ಶಕ ಪೈಪ್, 4 ಮೀಟರ್. ಒಂದು ಹಲಗೆಗೆ ಅದನ್ನು ‘ಯು’ ಆಕಾರದಲ್ಲಿ ಕಟ್ಟಿ, ಎರಡೂ ಕಾಲು 60 ಸೆಂ.ಮೀ. ಎತ್ತರ ಬರಲಿ. ಅರಿಸಿನ ಅಥವಾ ಶಾಯಿ ಬೆರೆಸಿದ ನೀರನ್ನು ಅರ್ಧಕ್ಕೆ, ಅಂದರೆ 30 ಸೆಂ.ಮೀ. ತನಕ ತುಂಬಿ. ಒಂದು ಕಾಲಿನ ಬಾಯಿ ಗಾಳಿಗೆ ತೆರೆದಿರಲಿ. ಇನ್ನೊಂದು ಕಾಲಿನಿಂದ ಎಂಜಿನ್‌ಗೆ ಹೋಗುವ ದಾರಿಯಲ್ಲಿ ಮುಚ್ಚಳವಿರುವ ಒಂದು ಖಾಲಿ ಬಾಟಲ್ ಕೂರಿಸಿ, ಮುಚ್ಚಳದಲ್ಲಿ ಎರಡು ತೂತು, ಎರಡು ಪೈಪ್, ಸುತ್ತ ಸೀಲಂಟ್. ಈ ಬಾಟಲ್ ಬಿಡಬೇಡಿ. ಡಯಾಫ್ರಂ ಪೂರ್ತಿ ಹರಿದಿದ್ದರೆ ಸೆಳೆತ 600 ಮಿ.ಮೀ. ದಾಟಿ ನೀರು ಎಂಜಿನ್ ಕಡೆಗೆ ಹಾರುತ್ತದೆ. ಬಾಟಲ್ ಇದ್ದರೆ ಅದರಲ್ಲಿ ನಿಲ್ಲುತ್ತದೆ. ಬಾಟಲ್ ಗಟ್ಟಿಯದಿರಲಿ, ತೆಳು ನೀರಿನ ಬಾಟಲ್ ಆ ಸೆಳೆತಕ್ಕೆ ಚಪ್ಪಟೆಯಾಗುತ್ತದೆ.

ಎಂಜಿನ್ ಕಡೆಯ ಜೋಡಣೆಗೆ ಒಂದು ಹೆಚ್ಚುವರಿ ಆಯಿಲ್ ಕ್ಯಾಪ್ ತಂದು ನಡುವೆ ತೂತು ಕೊರೆದು ಹಿತ್ತಾಳೆ ನಿಪ್ಪಲ್ ಕೂರಿಸಿ. ಡಿಪ್‌ಸ್ಟಿಕ್ ಕೊಳವೆಗೆ ಬಿಗಿಯಾದ ರಬ್ಬರ್ ಹೋಸ್ ಹಾಕಿದರೂ ನಡೆಯುತ್ತದೆ, ಆದರೆ ಅಲ್ಲಿ ಸ್ವಲ್ಪ ಗಾಳಿ ಸೋರಿದರೂ ಅಳತೆ ತಪ್ಪು.

ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗಲಿ, ಎಸಿ ಬಂದ್ ಇರಲಿ. ಒಂದು ಕಾಲಿನಲ್ಲಿ ನೀರು ಏರಿ ಇನ್ನೊಂದರಲ್ಲಿ ಇಳಿಯುತ್ತದೆ. ಎರಡರ ನಡುವಿನ ಪೂರ್ತಿ ವ್ಯತ್ಯಾಸವೇ ಅಳತೆ. ಒಂದು ಕಾಲಿನ ಏರಿಕೆಯನ್ನಷ್ಟೇ ಓದುವವರು ಬಹಳ, ಅವರಿಗೆ ಅರ್ಧ ಸಂಖ್ಯೆ ಸಿಗುತ್ತದೆ, ಕೆಟ್ಟ ಸೆಪರೇಟರ್ ಸರಿಯಿದ್ದಂತೆ ಕಾಣುತ್ತದೆ. ಐಡಲ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ ಬರೆದುಕೊಳ್ಳಿ.

100–150 ಮಿ.ಮೀ. ಸರಿ. 180 ದಾಟಿದರೆ ಡಯಾಫ್ರಂ ಸೋಲುತ್ತಿದೆ. 250ರ ಮೇಲೆ ಅನುಮಾನವೇ ಬೇಡ. 50ಕ್ಕಿಂತ ಕಡಿಮೆ ಇದ್ದರೆ ಅಥವಾ ಒತ್ತಡವೇ ಕಂಡರೆ ಕಥೆ ಬೇರೆ. ಅದು ಎಲ್ಲೋ ಗಾಳಿ ಸೋರಿಕೆ, ಕಟ್ಟಿಕೊಂಡ ಪೈಪ್, ಇಲ್ಲವೇ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ).

#4 — ಹುಬ್ಬಳ್ಳಿ ಸ್ಪ್ಯಾನರ್

ಆಯಿಲ್ ಪ್ರೆಶರ್ ಕಡೆ ನಾ ಹೇಳ್ತೀನ್ರಿ. ಡ್ಯಾಶಿನ ಮುಳ್ಳು ನಂಬಿ ಎಂಜಿನ್ ಬಿಚ್ಚಬ್ಯಾಡ್ರಿ. ಮುಳ್ಳಿಗೆ ಪ್ರೆಶರ್ ತಿಳಸೋ ಆ ಸೆಂಡರ್ ವಿಡಿಒ ಕಂಪನಿ ನಮೂನಿದು, ಪ್ರೆಶರ್ ಏರಿದಂಗ ಒಳಗಿನ ರೆಸಿಸ್ಟನ್ಸ್ ಏರತೈತಿ. ವಾಯರ್ ಕಡದ್ರ ಮುಳ್ಳು 5ಕ್ಕ ಹೋಗಿ ನಿಲ್ಲತೈತಿ, ವಾಯರ್ ಬಾಡಿಗೆ ತಾಗಿದ್ರ ಸೊನ್ನಿಗೆ ಬೀಳತೈತಿ. ಎಂಜಿನ್ ಬಂದ್ ಇದ್ದು ಇಗ್ನಿಷನ್ ಅಷ್ಟ ಹಾಕಿದಾಗ ಮುಳ್ಳು ಸೊನ್ನಿ ಮ್ಯಾಲ ಕೂಡಬೇಕು. ಕೂಡಲಿಲ್ಲ ಅಂದ್ರ ತಪ್ಪು ಎಣ್ಣಿದಲ್ಲ, ಸೆಂಡರಿಂದೋ ವಾಯರಿಂದೋ.

ಖರೇ ಅಳತಿ ಬೇಕಂದ್ರ ಸೆಂಡರ್ ಬಿಚ್ಚಿ ಅದರ ಜಾಗಾಕ್ಕ ಮೆಕ್ಯಾನಿಕಲ್ ಗೇಜ್ ಹಾಕ್ರಿ. 0–10 ಬಾರ್ ಗೇಜ್ ಸಾಕು. ಬಿಚ್ಚಿದ ಸೆಂಡರಿನ ಥ್ರೆಡ್ ಅಳದು ಅದಕ್ಕ ತಕ್ಕ ಅಡಾಪ್ಟರ್ ಮಾಡಸ್ರಿ, ಅಂದಾಜಿನ ಮ್ಯಾಲ ತಿರುವಿ ಅಲ್ಯುಮಿನಿಯಂ ಥ್ರೆಡ್ ಕೆಡಸಬ್ಯಾಡ್ರಿ. ಹೋಸ್ ಎಕ್ಸಾಸ್ಟ್‌ಗೆ ತಾಗದಂಗ ಕಟ್ರಿ.

ಎಣ್ಣಿ ನಿಜವಾಗಿ 90 ಡಿಗ್ರಿಗೆ ಬರಬೇಕು. ಕೂಲಂಟ್ ಮುಳ್ಳು ನಡುವ ಬಂತು ಅಂದ್ರ ಎಣ್ಣಿ ಬಿಸಿ ಆಗೇತಿ ಅಂತಲ್ಲ, ಎಂಟು ಲೀಟರ್ ಎಣ್ಣಿಗೆ ಇನ್ನೂ 10–15 ನಿಮಿಷ ಓಡಾಟ ಬೇಕು. ಆಮ್ಯಾಲ ಐಡಲ್, 2,000, 3,000, 4,000 ಹಿಂಗ ನಾಕು ಕಡೆ ಬರಕೋರಿ. ದುಡಿಯೋ ಮಂದಿ ಲೆಕ್ಕ ಸಾವಿರ ಆರ್‌ಪಿಎಂಗೆ ಒಂದು ಬಾರ್. ಬಿಸಿ ಐಡಲ್‌ನ್ಯಾಗ 1.5 ಮ್ಯಾಲ ಇದ್ದು, 5,000ದಾಗ ಮೂರೂವರಿಗಿಂತ ಕಡಿಮಿ ಇಲ್ಲಂದ್ರ ಬೇರಿಂಗಿನ ಚಿಂತಿ ಬ್ಯಾಡ.

ಒಂದ ಅಂಕಿಗಿಂತ ಅದು ಏರೋ ರೀತಿ ಮುಖ್ಯ ನೋಡ್ರಿ. ಐಡಲ್ ಕಡಿಮಿ ಇದ್ದು ಮ್ಯಾಲ ಚೊಲೋ ಏರಿದ್ರ ಎಣ್ಣಿ ತೆಳುವಾಗೇತಿ ಅಥವಾ ಬೇರಿಂಗ್ ಸಂದು ಸ್ವಲ್ಪ ಹೆಚ್ಚಾಗೇತಿ. ಐಡಲ್ ಸರಿ ಇದ್ದು 3ಕ್ಕ ಬಂದು ಅಲ್ಲೇ ನಿಂತ್ರ ಹೆಚ್ಚಾದ ಪ್ರೆಶರ್ ಬಿಟ್ಟುಕೊಡೋ ರಿಲೀಫ್ ವಾಲ್ವಿನ ಪಿಸ್ಟನ್ ಅರ್ಧ ತೆರದು ಸಿಕ್ಕೊಂಡಿರಬೇಕು. ಎಲ್ಲಾ ಕಡೆ ಕಡಿಮಿ ಇದ್ರ ಪಂಪು. ಒಮ್ಮೆಲೆ ಸೊನ್ನಿ ಆತು ಅಂದ್ರ ಆ ಕ್ಷಣಕ್ಕ ಬಂದ್ ಮಾಡ್ರಿ. ಈ ಎಂಜಿನ್ನಿನ ಪಂಪ್ ತಿರುಗೋದು ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಇಂಟರ್‌ಮೀಡಿಯೆಟ್ ಶಾಫ್ಟಿನಿಂದ ಒಂದು ಆರು ಮೂಲಿ ಸಣ್ಣ ಸರಳಿನ ಮ್ಯಾಲ, ಅದು ಮುರದ್ರ ಪಂಪ್ ನಿಂತಂಗ.

#5 — ಘಟ್ಟದ ರಸ್ತೆ

20ಡಬ್ಲ್ಯು-50 ಹಾಕಿದರೆ ಮುಳ್ಳು ಏರುವುದಂತೂ ನಿಜ. ಬಿಸಿಲಿನ ಊರಿನಲ್ಲಿ ಅದರಿಂದ ತೊಂದರೆ ಏನು?

#6 — ಟಾರ್ಕ್ ರೆಂಚ್

ಮುಳ್ಳು ಏರುತ್ತದೆ, ಎಣ್ಣೆ ಹರಿಯುವುದು ಏರುವುದಿಲ್ಲ. ಬೇರಿಂಗಿಗೆ ಬೇಕಾದದ್ದು ಹರಿವು. ದಪ್ಪ ಎಣ್ಣೆಯನ್ನು ತಣ್ಣಗಿರುವಾಗ ಪಂಪ್ ತಳ್ಳಿದರೆ ರಿಲೀಫ್ ವಾಲ್ವ್ ತೆರೆದು ಆ ಎಣ್ಣೆ ಬೇರಿಂಗಿಗೆ ಹೋಗುವ ಬದಲು ತಳದ ಎಣ್ಣೆ ತೊಟ್ಟಿಯಾದ ಸಂಪ್‌ಗೇ ಮರಳುತ್ತದೆ. ಸ್ಟಾರ್ಟ್ ಆದ ಮೊದಲ ನಿಮಿಷ, ಸವೆತ ಹೆಚ್ಚಾಗುವ ಹೊತ್ತಿನಲ್ಲೇ ಹೀಗಾಗುತ್ತದೆ. ಹೈಡ್ರಾಲಿಕ್ ಲಿಫ್ಟರ್‌ಗಳು ಟಕಟಕ ಅನ್ನುತ್ತವೆ, ವಾಲ್ವ್ ತೆರೆಯುವ ಹೊತ್ತು ಬದಲಿಸುವ ವೇರಿಯೋಕ್ಯಾಮ್ ತಡವಾಗಿ ಸ್ಪಂದಿಸುತ್ತದೆ. ಇನ್ನೊಂದನ್ನು ಮರೆಯುತ್ತಾರೆ: ಇದು ಸಿಲಿಂಡರುಗಳು ಅಡ್ಡಲಾಗಿರುವ ಮಲಗಿದ ಎಂಜಿನ್, ಹೆಡ್‌ಗೆ ಹೋದ ಎಣ್ಣೆ ತಾನಾಗಿ ಕೆಳಗಿಳಿಯುವುದಿಲ್ಲ. ಪ್ರತಿ ಹೆಡ್‌ನಲ್ಲಿ ಒಂದು ಸ್ಕ್ಯಾವೆಂಜ್ ಪಂಪ್ ಅದನ್ನು ಎಳೆದು ಸಂಪ್‌ಗೆ ಕಳಿಸಬೇಕು. ದಪ್ಪ ಎಣ್ಣೆ ಅಲ್ಲೂ ಹಿಂದುಳಿಯುತ್ತದೆ.

40 ದರ್ಜೆಯ ಎಣ್ಣೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. 50 ಅಂದರೆ 16.3ರಿಂದ 21.9. ನಮ್ಮ ಹವೆಗೆ ಪೋರ್ಷ ಎ40 ಅನುಮೋದನೆ ಇರುವ 5ಡಬ್ಲ್ಯು-40 ಸಿಂಥೆಟಿಕ್ ಸಾಕು. 0ಡಬ್ಲ್ಯು-40 ಬಳಸುವವರು ಡಬ್ಬಿಯ ಡೇಟಾ ನೋಡಿ 13 ಸೆಂಟಿಸ್ಟೋಕ್ಸ್‌ಗಿಂತ ಮೇಲಿನದನ್ನು ಆರಿಸಿಕೊಳ್ಳಿ. ಸಿಟಿ ಟ್ರಾಫಿಕ್‌ನಲ್ಲಿ ಓಡಿದ ಎಣ್ಣೆಗೆ ಪೆಟ್ರೋಲ್ ಬೆರೆತು ತೆಳುವಾಗಿರುತ್ತದೆ. ಹಾಗಾಗಿ ಪ್ರೆಶರ್ ಕಡಿಮೆ ಕಂಡರೆ ಮೊದಲು ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ ಆಮೇಲೆ ಅಳೆಯುವುದು ಒಳ್ಳೆಯದು. ಫಿಲ್ಟರ್ ಬದಲಿಸಿದರೆ 8ರಿಂದ 8.5 ಲೀಟರ್. ಎಂಟು ಹಾಕಿ, ಓಡಿಸಿ, ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ. ಡ್ರೇನ್ ಪ್ಲಗ್ 50 ನ್ಯೂಟನ್ ಮೀಟರ್, ಹೊಸ ವಾಷರ್. ಫಿಲ್ಟರ್ ಬಟ್ಟಲು 25.

ಹಳೆಯ ಫಿಲ್ಟರ್ ಎಸೆಯಬೇಡಿ. ಮಡಿಕೆಗಳನ್ನು ಬ್ಲೇಡಿನಿಂದ ಕತ್ತರಿಸಿ ಬಿಳಿ ಕಾಗದದ ಮೇಲೆ ಹರಡಿ, ಎಣ್ಣೆ ಇಳಿಯಲಿ, ಬಿಸಿಲಿಗೆ ಹಿಡಿಯಿರಿ. ಕಾಗದದ ಅಡಿಯಲ್ಲಿ ಮ್ಯಾಗ್ನೆಟ್ ಸರಿಸಿದರೆ ಅದರ ಹಿಂದೆಯೇ ತೆವಳುವ ಮಿನುಗು ಕಬ್ಬಿಣ, ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗಿನ ಮೇಲೆ ಮೊದಲ ಅನುಮಾನ. ಮಿನುಗಿದರೂ ಅಲುಗಾಡದ್ದು ಅಲ್ಯುಮಿನಿಯಂ, ಪಿಸ್ಟನ್ ಅಥವಾ ಬೋರ್ ಕಡೆ ನೋಡಬೇಕು. ಗಟ್ಟಿ ಕಂದು ಚೂರು ಚೈನ್ ಗೈಡಿನ ಪ್ಲಾಸ್ಟಿಕ್. ಅದು ಸಂಪ್‌ನಲ್ಲಿ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಪ್ರೆಶರ್ ಏರಿಳಿಯುತ್ತದೆ. ಪ್ರೆಶರ್ ಗೇಜಿಗಿಂತ ಈ ಕಾಗದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

#7 — ಹಳೇ ಎಂಜಿನ್

ಇಷ್ಟೆಲ್ಲ ಯಾಕೆ? ಐಡಲ್‌ನಲ್ಲಿ ಕ್ಯಾಪ್ ಬಿಗಿಯಾಗಿದ್ದರೆ ಸೆಪರೇಟರ್ ಹೋಗಿದೆ ಎಂದೇ ಅರ್ಥ. ಇಪ್ಪತ್ತು ವರ್ಷ ದಾಟಿದ ಗಾಡಿ, ನೇರ ಬದಲಿಸಿದರೆ ನಷ್ಟವೇನಿಲ್ಲ.

#8 — ನೀರಿನ ಕೊಳವೆ

ಇಪ್ಪತ್ತು ವರ್ಷದ ಮೂಲ ಸೆಪರೇಟರ್ ಬದಲಿಸುವುದರಲ್ಲಿ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ಅಂಗೈಯನ್ನು ಗೇಜ್ ಮಾಡಿಕೊಳ್ಳಬೇಡಿ. ಲೆಕ್ಕ ನೋಡಿ. ಕ್ಯಾಪ್ ಬಾಯಿ 5 ಸೆಂ.ಮೀ. ಅಂದುಕೊಂಡರೆ ವಿಸ್ತೀರ್ಣ ಸುಮಾರು 20 ಚದರ ಸೆಂ.ಮೀ. ಸರಿಯಾದ 12 ಮಿಲಿಬಾರ್ ಸೆಳೆತಕ್ಕೆ ಕ್ಯಾಪನ್ನು ಕಾಲು ಕಿಲೋ ತೂಕ ಹಿಡಿದೆಳೆದಂತೆ. 20 ಮಿಲಿಬಾರ್ ಆದರೆ 400 ಗ್ರಾಂ. ಇವೆರಡರ ವ್ಯತ್ಯಾಸ, ಒಣಗಿದ ಕ್ಯಾಪ್ ರಬ್ಬರಿನ ಹಿಡಿತದ ಜೊತೆ ಸೇರಿದಾಗ, ಕೈಗೆ ಗೊತ್ತಾಗುವುದಿಲ್ಲ. ಕ್ಯಾಪ್ ತೆಗೆದಾಗ ಐಡಲ್ ತಡವರಿಸುವುದೂ ಸರಿಯಿರುವ ಎಂಜಿನ್ನಿನಲ್ಲೇ ಆಗುತ್ತದೆ, ಯಾಕೆಂದರೆ ಅಲ್ಲೂ ಗಾಳಿ ಒಳನುಗ್ಗುತ್ತದೆ.

ಇನ್ನೊಂದು ಮುಖ್ಯ ಕಾರಣ: ಮೊದಲ ಅಳತೆ ಇಲ್ಲದಿದ್ದರೆ ಬದಲಿಸಿದ ಮೇಲೆ ಏನು ಸುಧಾರಿಸಿತು ಎಂದು ಹೇಳಲು ಆಧಾರವಿಲ್ಲ. ಹೊಸ ಸೆಪರೇಟರ್ ಕೂಡ ಡಬ್ಬಿಯಿಂದಲೇ ದೋಷವಿಟ್ಟುಕೊಂಡು ಬರಬಹುದು. ಅದರ ಕೆಳಗಿನ ರಬ್ಬರ್ ಬೆಲ್ಲೋಸ್ ಸರಿಯಾಗಿ ಕೂರದಿದ್ದರೂ ಅದೇ ಲೀನ್ ಕೋಡ್ ಮತ್ತೆ ಬರುತ್ತದೆ.

ಬೆಂಗಳೂರಿನವರಿಗೆ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ 100 ಮಿಲಿಬಾರ್ ಕಡಿಮೆ. ಇನ್‌ಟೇಕ್ ವ್ಯಾಕ್ಯೂಮ್ ಗೇಜ್ ಮಂಗಳೂರಿನಲ್ಲಿ 20 ಇಂಚು ಪಾದರಸ ತೋರಿಸುವ ಎಂಜಿನ್ ಇಲ್ಲಿ 17 ತೋರಿಸುತ್ತದೆ, ಅದು ರೋಗವಲ್ಲ. ಆದರೆ ನೀರಿನ ಮಾನೋಮೀಟರಿನ ಅಳತೆ ಎರಡೂ ಊರಿನಲ್ಲಿ ಹೆಚ್ಚು ಕಡಿಮೆ ಒಂದೇ, ಯಾಕೆಂದರೆ ಡಯಾಫ್ರಂ ಹೋಲಿಸುವುದು ಅಲ್ಲಲ್ಲಿನ ಹೊರಗಾಳಿಗೆ.

#9 — ಫ್ಲಾಟ್‌ಸಿಕ್ಸ್

ಅಳತೆಗಳು. ಹೊಸ 5ಡಬ್ಲ್ಯು-40, ಹೊಸ ಫಿಲ್ಟರ್ ಹಾಕಿದ ಮೇಲೆ, ಎಣ್ಣೆ 90 ಡಿಗ್ರಿಯಲ್ಲಿ:

ಮೆಕ್ಯಾನಿಕಲ್ ಗೇಜ್: ಐಡಲ್ 1.9, 2,000ಕ್ಕೆ 2.9, 3,000ಕ್ಕೆ 3.8, 4,000ಕ್ಕೆ 4.4 ಬಾರ್. ಸೆಂಡರ್ ಮರಳಿ ಹಾಕಿದಾಗ ಡ್ಯಾಶ್ ಐಡಲ್‌ನಲ್ಲಿ 1.3.
ಮಾನೋಮೀಟರ್: ಐಡಲ್ 340 ಮಿ.ಮೀ. ಸೆಳೆತ, ನೀರು ನಡುಗುತ್ತಿತ್ತು. 2,500ಕ್ಕೆ 290.
ಸೆಪರೇಟರ್ ತಲೆಯ ಹತ್ತಿರ ಸಣ್ಣ ಸಿಳ್ಳೆ ಶಬ್ದ. ಐಡಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣಕ್ಕೆ ಮಾಡುವ ತಿದ್ದುಪಡಿ) ಎರಡೂ ಬ್ಯಾಂಕಿನಲ್ಲಿ ಪ್ಲಸ್ ಕಡೆ, ಲೋಡ್ ಟ್ರಿಮ್ ಸಹಜ.
ಫಿಲ್ಟರ್ ಮಡಿಕೆಯಲ್ಲಿ ಕಬ್ಬಿಣ ಇಲ್ಲ, ಎರಡು ಕಂದು ಚೂರು, ಸಾಸಿವೆಗಿಂತ ಸಣ್ಣವು.

#10 — ಟಾರ್ಕ್ ರೆಂಚ್

ಪಂಪ್, ಬೇರಿಂಗ್, ರಿಲೀಫ್ ವಾಲ್ವ್ ಮೂರನ್ನೂ ಪಟ್ಟಿಯಿಂದ ತೆಗೆಯಿರಿ. ಸೆಂಡರ್ ಕಡಿಮೆ ತೋರಿಸುತ್ತಿದೆ, ಅದನ್ನು ಬದಲಿಸಿ. ಕಂದು ಚೂರು ಈ ವಯಸ್ಸಿನ ಐದು ಚೈನಿನ ಎಂಜಿನ್ನಿನಲ್ಲಿ ಅಪರೂಪವಲ್ಲ, ಮುಂದಿನ ಎಣ್ಣೆ ಬದಲಾವಣೆಯನ್ನು 5,000 ಕಿ.ಮೀ.ಗೆ ಇಟ್ಟು ಫಿಲ್ಟರ್ ಮತ್ತೆ ಕತ್ತರಿಸಿ ಹೋಲಿಸಿ.

340 ಮಿ.ಮೀ. ಅಂದರೆ 33 ಮಿಲಿಬಾರ್, ಇರಬೇಕಾದ್ದರ ಎರಡೂವರೆ ಪಟ್ಟು. ಸಿಳ್ಳೆ ಆ ಗಾಳಿ ರಂಧ್ರದ್ದು. ಐಡಲ್ ಟ್ರಿಮ್ ಮಾತ್ರ ಏರಿ ಲೋಡ್ ಟ್ರಿಮ್ ಸಹಜವಿರುವುದು ಲೆಕ್ಕಕ್ಕೆ ಸಿಗದ ಗಾಳಿಯ ಗುರುತು: ಒಳನುಗ್ಗುವ ಗಾಳಿ ಐಡಲ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲು, ಲೋಡ್‌ನಲ್ಲಿ ಅದು ಏನೂ ಅಲ್ಲ. ಏರ್‌ಫ್ಲೋ ಸೆನ್ಸರ್ ಕೆಟ್ಟಿದ್ದರೆ ಲೋಡ್ ಟ್ರಿಮ್ ಕೂಡ ಓಡಿಹೋಗಿರುತ್ತಿತ್ತು. ಸೆಪರೇಟರ್ ಬದಲಿಸಿ.

ಅಲ್ಲಿಯ ತನಕ ಗಾಡಿಯನ್ನು ಜೋರಾಗಿ ಓಡಿಸಬೇಡಿ. ಹಿಂದೆ ರಸ್ತೆ ಮುಚ್ಚುವಷ್ಟು ಹೊಗೆ ಬಂದರೆ ಎಂಜಿನ್ ಬಂದ್ ಮಾಡಿ, ಮತ್ತೆ ಕ್ರ್ಯಾಂಕ್ ಮಾಡಬೇಡಿ. ಸಿಲಿಂಡರಿನಲ್ಲಿ ಎಣ್ಣೆ ನಿಂತಿರಬಹುದು. ಎಣ್ಣೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆರೂ ಪ್ಲಗ್ ಬಿಚ್ಚಿ, ಪುಲ್ಲಿ ಬೋಲ್ಟಿನಿಂದ ಕೈಯಲ್ಲಿ ಪ್ರದಕ್ಷಿಣವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ ಎಣ್ಣೆ ಹೊರಹಾಕಿದ ಮೇಲಷ್ಟೇ ಸ್ಟಾರ್ಟರ್ ಮುಟ್ಟಬೇಕು.

#11 — ಹುಬ್ಬಳ್ಳಿ ಸ್ಪ್ಯಾನರ್

ಬದಲಿ ಮಾಡೋದರಾಗ ಮಂದಿ ಎಲ್ಲಿ ಎಡವತಾರ ಅಂತ ಅಷ್ಟ ಹೇಳ್ತೀನಿ.

ಸಾಮಾನು ಒಂದ ಸಲ ತರಸ್ರಿ: ಸೆಪರೇಟರ್, ಕೆಳಗಿನ ರಬ್ಬರ್ ಬೆಲ್ಲೋಸ್, ಇನ್‌ಟೇಕ್‌ಗೆ ಹೋಗೋ ಪ್ಲಾಸ್ಟಿಕ್ ಪೈಪ್, ಓ-ರಿಂಗು, ಕ್ಲಾಂಪು. ಚಾಸಿ ನಂಬರ್ ಕೊಟ್ಟ ತರಸ್ರಿ, 3.4ಕ್ಕೂ 3.6ಕ್ಕೂ ಸೆಪರೇಟರ್ ಬ್ಯಾರೆ. ಹೊರದೇಶದಿಂದ ಬರೋ ಮಾಲು, ಪ್ಲಾಸ್ಟಿಕ್ ಪೈಪ್ ಬಿಚ್ಚುವಾಗ ಮುರದ್ರ ಎಂಜಿನ್ ತೆರಕೊಂಡು ವಾರಗಟ್ಲೆ ಕೂಡಬೇಕಾಗತೈತಿ.

ಎಂಜಿನ್ ಪೂರ್ತಿ ಆರಿರಬೇಕು. ಸೆಪರೇಟರಿಗೆ ಕೂಲಂಟಿನ ಎರಡು ಹೋಸ್ ಅದಾವ, ಮೊದಲ ಟ್ಯಾಂಕಿನ ಮುಚ್ಚಳ ತೆಗದು ಪ್ರೆಶರ್ ಬಿಟ್ಟು, ಎರಡೂ ಹೋಸ್ ಕ್ಲಿಪ್ ಹಾಕಿ ಒತ್ತಿ ಹಿಡೀರಿ. ಏರ್‌ಬಾಕ್ಸ್, ಥ್ರಾಟಲ್ ಬಾಡಿ, ನಡುವಿನ ಪ್ಲೀನಮ್ (ಇನ್‌ಟೇಕ್ ಗಾಳಿ ಹಂಚೋ ಕೊಳವಿ) ತೆಗದ್ರ ಕೈ ಹೋಗೋ ಜಾಗ ಆಗತೈತಿ. ಸೆಪರೇಟರ್ ಇರೋದು ಎಂಜಿನ್ ಮ್ಯಾಲ, ಗೇರ್‌ಬಾಕ್ಸ್ ಕಡೆ. ತೆರದ ಇನ್‌ಟೇಕ್ ಬಾಯಿಗೆ ಬಟ್ಟಿ ಅಲ್ಲ, ಟೇಪ್ ಹಚ್ರಿ. ಬಟ್ಟಿ ಒಳಗ ಬಿದ್ರ ಹುಡಕೋದು ಕಷ್ಟ.

ಬೆಲ್ಲೋಸಿನ ಕೆಳಗಿನ ಕ್ಲಾಂಪ್ ಅತಿ ತ್ರಾಸಿನ ಜಾಗಾ. ಕಣ್ಣಿಗೆ ಕಾಣಂಗಿಲ್ಲ, ಬೆರಳಿಗೆ ಅಷ್ಟ ಸಿಗತೈತಿ. ಮೂಲ ಸ್ಪ್ರಿಂಗ್ ಕ್ಲಾಂಪ್ ಬದಲಿಗೆ ತಿರುಪಿನ ಕ್ಲಾಂಪ್ ಹಾಕೋರು ತಿರುಪಿನ ತಲಿ ಮ್ಯಾಲಿಂದ ಸ್ಕ್ರೂಡ್ರೈವರಿಗೆ ಸಿಗೋ ಹಂಗ ಮೊದಲ ತಿರುಗಿಸಿ ಇಟ್ಕೊಂಡು ಆಮ್ಯಾಲ ಇಳಸ್ರಿ. ಬೆಲ್ಲೋಸ್ ಬಾಯಿಗೆ ಒಂಚೂರು ಎಂಜಿನ್ ಎಣ್ಣಿ ಸವರ್ರಿ. ಸುತ್ತಲೂ ಬೆರಳು ಆಡಿಸಿ ತುಟಿ ಒಳಗ ಮಡಚಿಲ್ಲ ಅಂತ ಖಾತ್ರಿ ಮಾಡ್ಕೋರಿ. ಅಲ್ಲಿ ಮಡಚಿದ್ರ ಮತ್ತ ಅದ ಕೋಡ್ ಬರತೈತಿ, ಮತ್ತ ಎಲ್ಲಾ ಬಿಚ್ಚಬೇಕು. ಎಂ6 ಬೋಲ್ಟ್ 10 ನ್ಯೂಟನ್ ಮೀಟರ್, ಹೆಚ್ಚಿಗಿ ಬ್ಯಾಡ.

ಪ್ಲೀನಮ್‌ನ್ಯಾಗ ನಿಂತ ಎಣ್ಣಿ ಪೂರಾ ಒರಸ್ರಿ, ಥ್ರಾಟಲ್ ಬಾಡಿ ತೊಳೀರಿ. ಕಡಿಗೆ ಕೂಲಂಟ್ ತುಂಬಿ ಗಾಳಿ ತೆಗೀರಿ, ಸಾಧ್ಯ ಇದ್ರ ವ್ಯಾಕ್ಯೂಮ್ ಫಿಲ್ಲರ್ ಬಳಸ್ರಿ.

#12 — ಘಟ್ಟದ ರಸ್ತೆ

ರಿಯರ್ ಮೇನ್ ಸೀಲ್? ಹೇಗೂ ಬಿಚ್ಚುತ್ತಿದ್ದೀರಲ್ಲ.

#13 — ಟಾರ್ಕ್ ರೆಂಚ್

ಅದು ಹೇಗೂ ಬಿಚ್ಚುವ ಕೆಲಸವಲ್ಲ, ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಬೇಕು. ಪಸೆ ಇರುವ ಜಾಗ ಒರೆಸಿ ಒಣಗಿಸಿ, ಸೆಪರೇಟರ್ ಬದಲಿಸಿ 1,000 ಕಿ.ಮೀ. ನೋಡಿ. ಪಸೆ ಮಾತ್ರ ಇದ್ದರೆ ಕ್ಲಚ್ ಬದಲಿಸುವ ದಿನಕ್ಕೆ ಇಟ್ಟುಕೊಳ್ಳಿ. ಹನಿ ಬಿದ್ದರೆ ಯೋಚಿಸಿ. ಅಲ್ಲಿ ಸೋರುವುದು ಯಾವಾಗಲೂ ರಿಯರ್ ಮೇನ್ ಸೀಲೇ ಆಗಿರಬೇಕಿಲ್ಲ, ಇಂಟರ್‌ಮೀಡಿಯೆಟ್ ಶಾಫ್ಟ್ ಕವರಿನದೂ ಅದೇ ಜಾಗಕ್ಕೆ ಇಳಿಯುತ್ತದೆ.

ಸೋರಿಕೆ ಹುಡುಕಲು ಸ್ಮೋಕ್ ಮಷಿನ್ ಹಾಕುವವರು ಒತ್ತಡ 35 ಮಿಲಿಬಾರ್ ದಾಟಿಸಬೇಡಿ. ಕಂಪ್ರೆಸರ್ ಗಾಳಿಯನ್ನು ನೇರವಾಗಿ ಡಿಪ್‌ಸ್ಟಿಕ್ ಕೊಳವೆಗೆ ಬಿಟ್ಟರೆ ಸರಿಯಿದ್ದ ಸೀಲ್ ಕೂಡ ಜಾಗ ಬಿಡುತ್ತದೆ.

#14 — ಬಾಕ್ಸ್‌ಸ್ಟರ್ 986

ನಮ್ಮ ಪೋರ್ಷ ಬಾಕ್ಸ್‌ಸ್ಟರ್ 986ನಲ್ಲಿ ಆಯಿಲ್ ಪ್ರೆಶರ್ ಗೇಜೇ ಇಲ್ಲ, ಎಚ್ಚರಿಕೆ ದೀಪ ಮಾತ್ರ. ದೀಪ ಹೊತ್ತುವ ಹೊತ್ತಿಗೆ ತಡವಾಗಿರುತ್ತದೆ. ಕ್ರ್ಯಾಂಕ್‌ಕೇಸ್ ಅಳತೆ ನಮಗೂ ಇದೇ ತಾನೆ? ಮಳೆಗಾಲದಲ್ಲಿ ಕ್ಯಾಪ್ ಒಳಗೆ ಮಜ್ಜಿಗೆಯಂಥ ಬಿಳಿ ಪದರ ಕಟ್ಟಿದರೆ ಹೆಡ್ ಗ್ಯಾಸ್ಕೆಟ್ ಎಂದು ಹೆದರಬೇಕೇ?

#15 — ನೀರಿನ ಕೊಳವೆ

ಅಳತೆ ಅದೇ, 100–150 ಮಿ.ಮೀ. ಬಾಕ್ಸ್‌ಸ್ಟರ್‌ನಲ್ಲಿ ಎಣ್ಣೆ ಹಾಕುವ ಕೊಳವೆ ಹಿಂದಿನ ಡಿಕ್ಕಿಯ ತನಕ ಉದ್ದವಾಗಿದೆ. ಸಣ್ಣ ಓಡಾಟದಲ್ಲಿ ಅದು ಬಿಸಿಯಾಗುವುದಿಲ್ಲ, ಮಡಿಕೇರಿ ಮಂಗಳೂರಿನ ಮಳೆಗಾಲದ ತೇವ ಅಲ್ಲೇ ತಂಪಾಗಿ ಎಣ್ಣೆ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನ ಎಣ್ಣೆ ಸ್ವಚ್ಛವಿದ್ದು ಕೂಲಂಟ್ ಮಟ್ಟ ಇಳಿಯದಿದ್ದರೆ ಒರೆಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಡಿಪ್‌ಸ್ಟಿಕ್‌ನಲ್ಲೂ ಮಜ್ಜಿಗೆ ಕಂಡರೆ ಓಡಿಸಬೇಡಿ, ಆಯಿಲ್ ಕೂಲರ್ ಮತ್ತು ಹೆಡ್ ಎರಡನ್ನೂ ಪ್ರೆಶರ್ ಟೆಸ್ಟ್ ಮಾಡಿಸಿ.

ಇಳಿಜಾರಿನಲ್ಲಿ ನಿಲ್ಲಿಸಿದ ಮಲಗಿದ ಎಂಜಿನ್ ಮರುದಿನ 10–20 ಸೆಕೆಂಡ್ ಹೊಗೆ ಬಿಟ್ಟರೆ ಸಹಜ. ಅಡ್ಡಲಾದ ಸಿಲಿಂಡರಿನಲ್ಲಿ ಎಣ್ಣೆ ರಿಂಗ್ ದಾಟಿ ಕೂತಿರುತ್ತದೆ. ನಿಮಿಷಗಟ್ಟಲೆ ಬಂದರೆ ಮಾತ್ರ ಮಾನೋಮೀಟರ್ ತೆಗೆಯಿರಿ.

ಎಣ್ಣೆ ಹೆಚ್ಚು ತುಂಬುವುದೂ ಇದೇ ಹೊಗೆ ಕೊಡುತ್ತದೆ. ಮ್ಯಾಕ್ಸ್ ದಾಟಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆಯನ್ನು ಹೊಸ ಸೆಪರೇಟರ್ ಕೂಡ ಬೇರ್ಪಡಿಸಲಾರದು. ಮ್ಯಾಕ್ಸ್‌ಗಿಂತ ಒಂದು ಗೆರೆ ಕೆಳಗೆ ಇಡಿ.

#16 — ಹಳೇ ಎಂಜಿನ್

ಕೈ ಅಂದಾಜಿನ ಬಗ್ಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ, ಕಾಲು ಕಿಲೋ ಲೆಕ್ಕ ಸರಿಯಾಗಿದೆ. ಒಂದು ಪ್ರಶ್ನೆ: ಮಾನೋಮೀಟರ್ ಸೆಳೆತದ ಬದಲು ಒತ್ತಡ ತೋರಿಸಿದರೆ ಮುಂದೇನು?

#17 — ಟಾರ್ಕ್ ರೆಂಚ್

ಮೊದಲು ಸೆಪರೇಟರಿನಿಂದ ಇನ್‌ಟೇಕ್‌ಗೆ ಹೋಗುವ ಪೈಪ್ ಕಟ್ಟಿಲ್ಲ ಎಂದು ಊದಿ ನೋಡಿ. ಅದು ತೆರೆದಿದ್ದೂ ಒತ್ತಡವಿದ್ದರೆ ಗ್ಯಾಸ್ ರಿಂಗ್ ದಾಟಿ ಹೆಚ್ಚಾಗಿ ಬರುತ್ತಿದೆ.

ಆರೂ ಪ್ಲಗ್ ಬಿಚ್ಚಿ ಕ್ರಮವಾಗಿ ಮೇಜಿನ ಮೇಲಿಡಿ, 1–3 ಒಂದು ಸಾಲು, 4–6 ಇನ್ನೊಂದು. ಆರೂ ಸಮನಾಗಿ ಎಣ್ಣೆ ಹಚ್ಚಿಕೊಂಡಿದ್ದರೆ ಎಣ್ಣೆ ಇನ್‌ಟೇಕ್‌ನಿಂದ ಬಂದದ್ದು. ಒಂದೇ ಪ್ಲಗ್ ಕಪ್ಪಾಗಿ ಒದ್ದೆಯಾಗಿದ್ದರೆ ಆ ಸಿಲಿಂಡರ್. ಆಮೇಲೆ ಲೀಕ್‌ಡೌನ್ ಟೆಸ್ಟ್, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು: ಎಂಜಿನ್ ಬೆಚ್ಚಗಿರಲಿ, ಪಿಸ್ಟನ್ ಟಾಪ್ ಡೆಡ್ ಸೆಂಟರ್‌ನಲ್ಲಿ, ಕ್ರ್ಯಾಂಕ್ ತಿರುಗದಂತೆ ಲಾಕ್, 7 ಬಾರ್ ಗಾಳಿ. ಸೋರಿಕೆ 10 ಶೇಕಡಾದೊಳಗೆ ಒಳ್ಳೆಯದು, 20 ದಾಟಿದರೆ ಕಾರಣ ಹುಡುಕಿ. ಆಯಿಲ್ ಕ್ಯಾಪ್ ಬಾಯಿಯಲ್ಲಿ ಸುಯ್ ಅಂದರೆ ರಿಂಗ್ ಅಥವಾ ಬೋರ್, ಎಕ್ಸಾಸ್ಟ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್‌ನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಬಂದರೆ ಹೆಡ್. ಫೈರಿಂಗ್ ಆರ್ಡರ್ 1-6-2-4-3-5, ಅದೇ ಕ್ರಮದಲ್ಲಿ 120 ಡಿಗ್ರಿ ತಿರುಗಿಸುತ್ತಾ ಹೋದರೆ ಆರೂ ಬೇಗ ಮುಗಿಯುತ್ತದೆ.

ಸಿಲಿಂಡರಿಗೆ ಎಣ್ಣೆ ಹನಿಸಿ ಮಾಡುವ ವೆಟ್ ಕಂಪ್ರೆಷನ್ ಟೆಸ್ಟ್ ಇಲ್ಲಿ ನಂಬಬೇಡಿ. ನಿಂತ ಎಂಜಿನ್ನಿನಲ್ಲಿ ಎಣ್ಣೆ ರಿಂಗಿನ ಸುತ್ತ ಹರಡುತ್ತದೆ, ಇಲ್ಲಿ ಕೆಳಭಾಗದಲ್ಲಷ್ಟೇ ನಿಲ್ಲುತ್ತದೆ.

ಬೋರ್‌ಸ್ಕೋಪ್ ಹಾಕುವಾಗ ಪಿಸ್ಟನ್ ಬಾಟಮ್ ಡೆಡ್ ಸೆಂಟರ್‌ಗೆ ಇಳಿಸಿ. ಪ್ಲಗ್ ತೂತಿನಿಂದ ಬೋರಿನ ತಳದ ಭಾಗ ಪೂರ್ತಿ ಕಾಣುವುದಿಲ್ಲ. ಅನುಮಾನ ಬಂದರೆ ಸಂಪ್ ಇಳಿಸಿ ಕೆಳಗಿನಿಂದ ನೋಡಬೇಕು. ಉದ್ದಕ್ಕೆ ಎಳೆದ ಬೂದು ಗೆರೆ ಉಗುರಿಗೆ ತಡೆಯುವಷ್ಟಿದ್ದರೆ ಅದು ಬೋರ್ ಸ್ಕೋರಿಂಗ್. ಅಲ್ಲಿಗೆ ಸೆಪರೇಟರ್, ಎಣ್ಣೆ ದರ್ಜೆ ಯಾವುದೂ ಉಪಯೋಗಕ್ಕೆ ಬಾರದು. ಎಂಜಿನ್ ಇಳಿಸಲೇಬೇಕು.

#18 — ಫ್ಲಾಟ್‌ಸಿಕ್ಸ್

ಸೆಪರೇಟರ್, ಬೆಲ್ಲೋಸ್, ಸೆಂಡರ್ ಬದಲಾಯಿತು. ಈಗ ಐಡಲ್ 125 ಮಿ.ಮೀ., 2,500ಕ್ಕೆ 120, ನೀರು ನಿಶ್ಚಲ. ಡ್ಯಾಶ್ ಬಿಸಿ ಐಡಲ್ 1.9. ಐಡಲ್ ಟ್ರಿಮ್ ಸೊನ್ನೆಯ ಹತ್ತಿರ ಬಂದಿದೆ. ಆದರೆ ಬಿಸಿಯಾದ ಮೇಲೆ ಇನ್ನೂ ಸ್ವಲ್ಪ ಹೊಗೆ ಇದೆ.

#19 — ಹುಬ್ಬಳ್ಳಿ ಸ್ಪ್ಯಾನರ್

ಅದು ಸೈಲೆನ್ಸರಿನ್ಯಾಗ ಮೊದಲ ಸೇರಿದ ಎಣ್ಣಿ ಸುಡೋದ್ರಿ. ಮಾನೋಮೀಟರ್ 125 ಅಂದಮ್ಯಾಲ ಹೊಸಾ ಎಣ್ಣಿ ಹೋಗ್ತಿಲ್ಲ. 50–60 ಕಿ.ಮೀ. ಹೈವೇದಾಗ ಒಂದ ಹದದಾಗ ಓಡಸ್ರಿ, ಹೊಗಿ ಕಡಿಮಿ ಆಗ್ತಾ ಹೋಗತೈತಿ. ಓಡಿಸಿ ಬಂದ ಕೂಡಲೇ ಒಣ ಹುಲ್ಲಿನ ಮ್ಯಾಲ ನಿಲ್ಲಸಬ್ಯಾಡ್ರಿ, ಎಣ್ಣಿ ಕುಡದ ಕ್ಯಾಟಲಿಸ್ಟ್ ಬಾಳ ಕಾದಿರತೈತಿ. 500 ಕಿ.ಮೀ. ಆದಮ್ಯಾಲೂ ಹೊಗಿ ಇದ್ರ ಪ್ಲಗ್ ಬಿಚ್ಚಿ ಸಾಲಾಗಿ ಇಡ್ರಿ, ಫೋಟೋ ಹಾಕ್ರಿ.